ತೊಳೆಯದ ಪಟ್ಟಿ

ಒನಿಗಾವಾ
ಮೇ 20, 2018

ಚಿಹೊ,

ಕಾಗದ ಬರೆಯುವಾಗ ಮೊದಲು ಋತುವಿನ ಬಗ್ಗೆ ಎರಡು ಮಾತು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆಯುತ್ತೇನೆ. ಚೆರ್ರಿ ತೋಟಗಳಿಗೆ ಬಲೆ ಹಾಕುತ್ತಿದ್ದಾರೆ, ಹಕ್ಕಿಗಳು ಬೈದುಕೊಳ್ಳುತ್ತಿವೆ. ಮುಗಿಯಿತು.

ನಿನ್ನ ವಿಳಾಸವನ್ನು ನಿಮ್ಮ ತೋಫು ಅಂಗಡಿಯಲ್ಲಿ ನಿನ್ನ ಅಮ್ಮನಿಂದ ಇಸಿದುಕೊಂಡೆ. "ವಸತಿಗೃಹದಲ್ಲಿ ಫೋನ್ ಕಿತ್ಕೊಂಡಿದ್ದಾರಂತೆ ಕಣಮ್ಮ, ಕಾಗದಾನೇ ಗತಿ. ಜೈಲಲ್ಲಾದ್ರೂ ಭೇಟಿ ಮಾಡೋಕೆ ಬಿಡ್ತಾರೆ" ಎಂದು ಅವರು ಎರಡು ತುಂಡು ಕರಿದ ತೋಫು ಹೆಚ್ಚಿಗೆ ಹಾಕಿಕೊಟ್ಟರು. ನಾವಿಬ್ಬರೂ ಈಗಲೂ ಜೀವದ ಗೆಳತಿಯರೆಂದೇ ಅವರು ತಿಳಿದಿದ್ದಾರೆ. ತೋಫು ಚೀಲಕ್ಕೆ ಹಾಕಿಕೊಂಡು ಬಂದೆ. ಅಕ್ಟೋಬರಿನ ಆ ಓಟ ಮುಗಿದ ಮೇಲೆ ಐದು ತಿಂಗಳು ಒಂದೇ ತರಗತಿಯಲ್ಲಿ ಕೂತು, ನೀನು ಕಿಟಕಿ ನೋಡಿದೆ, ನಾನು ಹಲಗೆ ನೋಡಿದೆ. ಮಾರ್ಚಿನಲ್ಲಿ ನೀನು, ಸಂಬಳ ಕೊಟ್ಟು ಓಡಿಸುವ ಆ ಕಂಪನಿಯ ತಂಡಕ್ಕೆ ಸೇರಲು ಹೊರಟ ದಿನ ಸ್ಟೇಷನ್ನಿಗೆ ಬರಬೇಕೆಂದಿದ್ದೆ. ಸೈಕಲ್ಲಿನಲ್ಲಿ ಗಾಳಿ ಇರಲಿಲ್ಲ. ಸುಳ್ಳು, ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಇವಾಬುಚಿ ಮೇಷ್ಟ್ರು ಯಾವುದೋ ಕ್ರೀಡಾ ಪತ್ರಿಕೆಗೆ ನಮ್ಮ ಓಟದ ಬಗ್ಗೆ ಒಂದು ಲೇಖನ ಬರೆದಿದ್ದರಂತೆ. ಐದು ಹುಡುಗಿಯರ ಸರಣಿ ಓಟ, ಹೆಗಲಿಂದ ಹೆಗಲಿಗೆ ದಾಟಬೇಕಾದ ದಾಳಿಂಬೆ ಬಣ್ಣದ ಪಟ್ಟಿ, ನಾಲ್ಕನೆಯವಳು ನಾನು, ಐದನೆಯವಳು ನೀನು. ನಾನು ಗೆರೆ ಮುಟ್ಟುವ ಹನ್ನೆರಡು ಸೆಕೆಂಡು ಮೊದಲೇ ಹೊತ್ತು ಮೀರಿತೆಂದು ಅಧಿಕಾರಿಗಳು ನಿಯಮದ ಪ್ರಕಾರ, ಹಿಂದುಳಿದ ಬೇರೆ ತಂಡದವರ ಜೊತೆ ನಿನಗೂ ಬಿಳಿ ಪಟ್ಟಿ ತೊಡಿಸಿ ಓಡಿಸಿಬಿಟ್ಟದ್ದು. ಶಾಲೆಯ ಪಟ್ಟಿ ನನ್ನ ಕೈಯಲ್ಲೇ ಉಳಿದು ನಾನು ಅಲ್ಲೇ ನಿಂತದ್ದು. ಎಲ್ಲವನ್ನೂ ಬರೆದಿದ್ದಾರೆ. ಅದನ್ನು ಓದಿ ಟೋಕಿಯೋದಿಂದ ಸಿನಿಮಾದವರು ಬಂದಿದ್ದಾರೆ.

ನಗಬೇಡ. ನಿಜವಾಗಿಯೂ ಬಂದಿದ್ದಾರೆ. ನೆಗಿಶಿ ಎಂಬ ಹುಡುಗಿ, ನಮಗಿಂತ ಐದಾರು ವರ್ಷ ದೊಡ್ಡವಳಿರಬಹುದು, ಔಷಧಿ ಅಂಗಡಿಗೇ ಬಂದು ನಾನು ಶಾಂಪೂ ಜೋಡಿಸುತ್ತಿದ್ದ ಕಪಾಟಿನ ಮುಂದೆ ಬಗ್ಗಿ ನಮಸ್ಕಾರ ಮಾಡಿದಳು. ಕಥೆ ನಾಲ್ಕನೆಯವಳದಂತೆ. ಅವಳ ಅಮ್ಮ ಫಿಲಿಪೀನ್ಸಿನವಳು, ಅದೂ ಇರುತ್ತದಂತೆ. "ಇಂಥ ಹುಡುಗೀನ ನಮ್ಮ ಸಿನಿಮಾಗಳಲ್ಲಿ ಯಾರೂ ತೋರಿಸಿಲ್ಲ, ಅದಕ್ಕೇ ನಿಮ್ಮ ಕಥೆ ಬೇಕು" ಎಂದಳು.

ಮಳೆಗಾಲದಲ್ಲಿ ಕ್ಲಬ್ ಕೋಣೆಯಲ್ಲಿ ಕೂತು ನಾವು ನೋಡುತ್ತಿದ್ದ ಸಿನಿಮಾಗಳು ನೆನಪಿವೆಯಾ? ದುರ್ಬಲ ತಂಡ, ಗದರುವ ಮೇಷ್ಟ್ರು, ಆಸ್ಪತ್ರೆಯಲ್ಲೊಬ್ಬ ಅಜ್ಜಿ. ನನ್ನಂಥ ಮೈಬಣ್ಣದವಳು ಬಂದರೆ ಅವಳು ಎದುರು ಶಾಲೆಯವಳು. ಗಾಳಿಯಂತೆ ಓಡುತ್ತಾಳೆ, ಒಂದು ಮಾತೂ ಆಡುವುದಿಲ್ಲ, ಅವಳಿಗೆ ಬುತ್ತಿ ಕಟ್ಟಿಕೊಡುವ ಅಮ್ಮನೂ ಇಲ್ಲ. ಕೊನೆಯಲ್ಲಿ ಸೋಲಿಸುವುದಕ್ಕೆಂದೇ ಅವಳನ್ನು ವಿಮಾನದಲ್ಲಿ ತರಿಸಿರುತ್ತಾರೆ. "ನೋಡೇ, ನಿಮ್ಮಕ್ಕ ಬಂದ್ಲು" ಎಂದು ನೀವೆಲ್ಲ ನನ್ನನ್ನು ತಿವಿಯುತ್ತಿದ್ದಿರಿ. ನಾನೂ ನಗುತ್ತಿದ್ದೆ. ನಾನೋ ನಮ್ಮ ತಂಡದಲ್ಲೇ ನಿಧಾನ. ಪರದೇಶದ ರಕ್ತ ಇದೆ, ಕಾಲಲ್ಲಿ ಸ್ಪ್ರಿಂಗ್ ಇರುತ್ತೆ ಅಂದುಕೊಂಡು ನನ್ನನ್ನು ಸೇರಿಸಿಕೊಂಡ ಮೇಷ್ಟ್ರು ಮೂರು ವರ್ಷವೂ ಆ ಸ್ಪ್ರಿಂಗಿಗಾಗಿ ಕಾದರು.

ನಿಧಾನವಾಗಿ ಓಡುವ, ಬುತ್ತಿ ತರುವ, ಕೊನೆಗೆ ತಲುಪದೇ ಹೋಗುವ ಅಂಥವಳೊಬ್ಬಳು ಪರದೆ ಮೇಲೆ ಬರುತ್ತಾಳೆಂದರೆ ನಂಬಲಾಗುತ್ತಿಲ್ಲ. ನಿನ್ನ ಒಪ್ಪಿಗೆಯೂ ಬೇಕಂತೆ, ಅಲ್ಲಿಗೇ ಬರುತ್ತಾರೆ. ಹೂಂ ಅನ್ನು, ಚಿಹೊ.

ಇನ್ನೂ ನಿಧಾನವಾಗಿಯೇ ಇರುವ
ಅರ್ಲಿನ್


ಆಟಗಾರ್ತಿಯರ ವಸತಿಗೃಹ
ಜೂನ್ 17, 2018

ಅರ್ಲಿನ್,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇಲ್ಲಿ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಎಬ್ಬಿಸುತ್ತಾರೆ. ಓಟಕ್ಕೆ ಮುಂಚೆ ತೂಕ ನೋಡಿ ಎಲ್ಲರ ಎದುರು ಗಟ್ಟಿಯಾಗಿ ಓದಿ ಹೇಳುತ್ತಾರೆ. ನಿನ್ನೆ ನಾನು ಮುನ್ನೂರು ಗ್ರಾಂ ಹೆಚ್ಚಿದ್ದೆ. ಇಲ್ಲಿ ನಾನು ಚಿಹೊ ಅಲ್ಲ, ಬರೀ ಮನೆಹೆಸರು. "ಯಾನಾಗಿ, ತೋಫು ಅಂಗಡಿಯಿಂದ ಪಾರ್ಸೆಲ್ ಬಂತಾ?" ಎಂದರು ಕೋಚು. ಎಲ್ಲರೂ ನಕ್ಕರು. ಪಾರ್ಸೆಲ್ ಬಂದಿರಲಿಲ್ಲ.

ಸಿನಿಮಾದವರು ಬರಲಿ, ನನ್ನ ಅಭ್ಯಂತರ ಏನಿಲ್ಲ. ನಿನಗೆ ಸಂತೋಷವಾಗಿದೆಯೆಂದರೆ ನನಗೂ ಸಂತೋಷ.

ಆದರೆ ಆ ದಿನದ ಬಗ್ಗೆ ಕೇಳಿದರೆ ನಾನು ಏನು ಹೇಳಬೇಕು?

ಚಿಹೊ


ಒನಿಗಾವಾ
ಜುಲೈ 2, 2018

ಚಿಹೊ,

ನಡೆದದ್ದನ್ನೇ ಹೇಳು. ಇದೇನು ಕೇಳುವ ಮಾತಾ?

ಬೈದೆನೆಂದು ತಿಳಿಯಬೇಡ. ಕಾರಣವಿದೆ. ಇದುವರೆಗೆ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆ ಸಂಜೆ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತು, ಕೊಟ್ಟೆಯಾ?" ಎಂದಳು. "ಕೊಟ್ಟೆ ಅಮ್ಮ" ಅಂದುಬಿಟ್ಟೆ. ಅವಳು ಕೋಳಿ, ಕ್ಯಾರೆಟ್ ಹಾಕಿ ಪಾನ್ಸಿತ್ ಮಾಡಿಟ್ಟಿದ್ದಳು. ನಮ್ಮ ಮನೆಯಲ್ಲಿ ಆ ಶ್ಯಾವಿಗೆ ಮಾಡುವುದು ಹುಟ್ಟಿದಹಬ್ಬಕ್ಕೆ ಮಾತ್ರ. ಎರಡು ತಟ್ಟೆ ತಿಂದೆ.

ಅಮ್ಮನಿಗೆ ನಮ್ಮ ಪತ್ರಿಕೆ ಓದಲು ಬರುವುದಿಲ್ಲ. ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಜೊತೆಗಿರುವ ಹೆಂಗಸರು ಮೂಲಂಗಿಯನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ. ಓಟದ ದಿನ ಅಮ್ಮ ಸೇತುವೆ ಹತ್ತಿರ ನಿಂತು ನನಗಾಗಿ ಕೂಗಿ, ಅಲ್ಲಿಂದಲೇ ಕೆಲಸಕ್ಕೆ ವಾಪಸ್ ಹೋಗಿದ್ದಳು. ಸೇತುವೆ ದಾಟಿ ಬರಬೇಡ ಎಂದು ನಾನೇ ಹೇಳಿದ್ದೆ. ಗೆರೆಯ ಹತ್ತಿರ ಬೇರೆಯವರ ಅಪ್ಪ ಅಮ್ಮಂದಿರೆಲ್ಲ ಇರುತ್ತಾರೆ, ಇವಳು ಅಲ್ಲಿ ನಿಂತು ತನ್ನ ಭಾಷೆಯಲ್ಲಿ ಕಿರುಚುತ್ತಾಳೆ ಎಂದು ನನಗೆ ನಾಚಿಕೆಯಾಗುತ್ತಿತ್ತು. ಈ ಮಾತನ್ನು ಬರೆಯುವಾಗಲೂ ನಾಚಿಕೆ, ಈಗ ಬೇರೆ ಥರದ್ದು.

ನಮ್ಮ ತಂಡದ ರೂಢಿ ಗೊತ್ತಲ್ಲ, ಕೊನೆಯಲ್ಲಿ ಓಡಿದವಳು ಪಟ್ಟಿಯನ್ನು ಮನೆಗೆ ಒಯ್ದು ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ ತರಬೇಕು. ಆ ದಿನ ಕೊನೆಯವಳು ಯಾರು? ನೀನು ಓಡಿದ್ದು ಬಿಳಿ ಪಟ್ಟಿಯಲ್ಲಿ. ಮೇಷ್ಟ್ರೂ ಕೇಳಲಿಲ್ಲ. ಹೊಸ ವರ್ಷಕ್ಕೆ ಹೊಸ ಪಟ್ಟಿ ಹೊಲಿಸಿದರು. ಹಳೆಯದು ನನ್ನ ಮೇಜಿನ ಡ್ರಾಯರಿನಲ್ಲಿದೆ, ಹಾಗೇ. ನಮ್ಮ ನಾಲ್ವರ ಬೆವರೂ ಅದರಲ್ಲಿದೆ. ವಾಸನೆ ಏನೆಂದು ಕೇಳಬೇಡ.

ಅಮ್ಮನಿಗೆ ಇದನ್ನು ನನ್ನ ಬಾಯಿಂದ ಹೇಳಲಾರೆ. ಎಷ್ಟೋ ಸಲ ಪ್ರಯತ್ನಿಸಿದೆ, ಅವಳ ಮುಖ ನೋಡಿದ ಕೂಡಲೇ "ಸ್ನಾನಕ್ಕೆ ನೀರು ಕಾಯಿಸ್ಲಾ" ಅಂದುಬಿಡುತ್ತೇನೆ. ಸಿನಿಮಾ ಹೇಳಲಿ. ಕತ್ತಲಲ್ಲಿ ಪಕ್ಕಪಕ್ಕ ಕೂತು ನೋಡಿ, ಎದ್ದು ಮನೆಗೆ ಬಂದರಾಯಿತು. ಅದೊಂದೇ ನನ್ನ ಆಸೆ.

ಸ್ವಂತ ಒಪ್ಪಿಗೆ ಸಾಲಲು ನನಗೆ ಇನ್ನೂ ಇಪ್ಪತ್ತಾಗಿಲ್ಲವಲ್ಲ, ಒಪ್ಪಂದಕ್ಕೆ ಸಹಿಯಾಗಿ ಅಮ್ಮನ ಸೀಲು ಬೇಕಾಯಿತು. ಮೊನ್ನೆ ನೆಗಿಶಿ ಕಾಗದಪತ್ರ ತಂದಳು. ಕಥೆಯ ಸಾರಾಂಶ ಓದಿ ಹೇಳುತ್ತೇನೆಂದು ಶುರು ಮಾಡಿದಳು, ನಾನು ಎದ್ದು ಟೀ ಮಾಡಲು ಹೋದೆ. ಕೆಟಲ್ ಕೂಗಿ ನಿಂತ ಮೇಲೂ ಅಡುಗೆಮನೆಯಲ್ಲೇ ನಿಂತಿದ್ದೆ. ಬಂದು ನೋಡಿದರೆ ಸೀಲು ಬಿದ್ದಾಗಿತ್ತು, ಅಮ್ಮ ಅದರ ಕೆಂಪು ಮಸಿಯನ್ನು ಕರವಸ್ತ್ರದಲ್ಲಿ ಒರೆಸುತ್ತಿದ್ದಳು.

"ಇಷ್ಟು ಬೇಗ?" ಎಂದೆ.

"ಒಳ್ಳೇ ಕಥೆ. ಈ ಹುಡುಗಿ ಊಟ ಮಾಡಿಲ್ಲ, ಅನ್ನ ಹಾಕು" ಎಂದಳು.

ಅಷ್ಟು ಬೇಗ ಒತ್ತಿದಳೆಂದರೆ ನೆಗಿಶಿ ಕೊನೆಯವರೆಗೆ ಓದಿರಲಿಕ್ಕಿಲ್ಲ. ಓದಿದ್ದರೂ ಅಮ್ಮನಿಗೆ ಅರ್ಥವಾಗಿರಲಿಕ್ಕಿಲ್ಲ.

ಅದಕ್ಕೇ ಹೇಳಿದೆ, ನಡೆದದ್ದನ್ನೇ ಹೇಳು.

ಸೆಕೆಯಲ್ಲಿ ಬೇಯುತ್ತಿರುವ
ಅರ್ಲಿನ್


ಆಟಗಾರ್ತಿಯರ ವಸತಿಗೃಹ
ಆಗಸ್ಟ್ 26, 2018

ಅರ್ಲಿನ್,

ಅವರು ಬಂದು ಹೋದರು. ನೆಗಿಶಿ ಮತ್ತು ಕಥೆ ಬರೆಯುವ ಒಬ್ಬ ಗಂಡಸು. ಊಟದ ಕೋಣೆಯಲ್ಲಿ ಕೂತು ಎರಡು ಗಂಟೆ ಮಾತಾಡಿದೆವು, ಕೋಚು ಕೂಡ ಪಕ್ಕದಲ್ಲೇ ಇದ್ದರು. ಇಲ್ಲಿಗೆ ಬಂದ ಮೇಲೆ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ. ಸ್ವಲ್ಪ ಹೆಚ್ಚೇ ಮಾತಾಡಿದೆನೇನೋ.

ಎಡ ಮೊಣಕಾಲಿನ ಕೆಳಗೆ ನೋವು. ಹೇಳಿದರೆ ಕೂರಿಸುತ್ತಾರೆ, ಅದಕ್ಕೆ ಹೇಳಿಲ್ಲ. ನಿನ್ನ ಅಮ್ಮನನ್ನು ಕೇಳಿದೆನೆಂದು ಹೇಳು. ಶಾಲೆಯಲ್ಲಿ ನಿನ್ನ ಬುತ್ತಿಯಿಂದ ಕದ್ದು ತಿನ್ನುತ್ತಿದ್ದ ಆ ಹುಳಿ ಮಾಂಸ ಇಲ್ಲಿ ಕನಸಿನಲ್ಲಿ ಬರುತ್ತದೆ.

ಚಿಹೊ


ಒನಿಗಾವಾ
ಅಕ್ಟೋಬರ್ 30, 2018

ಚಿಹೊ,

ಚಿತ್ರೀಕರಣ ನಿನ್ನೆ ಮುಗಿಯಿತು. ಹೊಳೆ ದಂಡೆಯಲ್ಲಿ ಇಡೀ ಊರೇ ಸೇರಿ ಹಂಡೆಗಟ್ಟಲೆ ಗೆಡ್ಡೆ ಸಾರು ಕಾಯಿಸಿ ಅವರನ್ನು ಬೀಳ್ಕೊಟ್ಟಿತು. ನಾನೂ ಬಡಿಸಿದೆ. ಎಲ್ಲರೂ ಒಳ್ಳೆಯವರು. ಇದೇ ಕಷ್ಟ ನೋಡು, ಬೈಯಲು ಒಬ್ಬರೂ ಸಿಗುವುದಿಲ್ಲ.

ನನ್ನ ಪಾತ್ರಕ್ಕೆ ಕ್ಲೇರ್ ಎಂಬ ಹುಡುಗಿ ಬಂದಿದ್ದಾಳೆ. ಅಪ್ಪ ಫ್ರಾನ್ಸಿನವನು. ಎತ್ತರ, ಹಾಲಿನಂಥ ಬಣ್ಣ, ಪತ್ರಿಕೆಗಳ ಮುಖಪುಟದಲ್ಲಿ ನೀನೂ ನೋಡಿರುತ್ತೀಯ. "ಮಿಶ್ರ ಮೂಲದ ಹುಡುಗೀನೇ ತಗೊಂಡಿದ್ದೀವಲ್ಲ" ಎಂದರು ನಿರ್ಮಾಪಕರು, ನನಗೊಂದು ಬಹುಮಾನ ಕೊಟ್ಟವರ ಹಾಗೆ. ಸಿನಿಮಾದಲ್ಲಿ ಅವಳ ಅಮ್ಮ ಪ್ಯಾರಿಸ್ಸಿನವಳು, ಪಿಯಾನೋ ಮೇಷ್ಟ್ರಮ್ಮ, ತೀರಿಕೊಂಡಿದ್ದಾಳೆ. ನೋಡು, ನಮ್ಮಮ್ಮನನ್ನು ಪ್ಯಾರಿಸ್ಸಿಗೂ ಕಳಿಸಿದರು, ಸಾಯಿಸಿಯೂ ಬಿಟ್ಟರು, ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಮಾತ್ರ ಒಂದು ದಿನದ ರಜೆಗೆ ಅವಳ ಸಂಬಳ ಹಿಡಿದರು.

ಆ ರಜೆ ಯಾಕೆ ಹಾಕಿದ್ದಳೆಂದರೆ, ಓಟದ ದೃಶ್ಯಕ್ಕೆ ರಸ್ತೆ ಬದಿಯಲ್ಲಿ ಜನ ಬೇಕೆಂದು ಊರವರನ್ನೆಲ್ಲ ಕರೆದಿದ್ದರು. ಅಮ್ಮ ಬೆಳಗ್ಗೆಯೇ ಎದ್ದು ಎಂಬತ್ತು ಜನಕ್ಕಾಗುವಷ್ಟು ಪಾನ್ಸಿತ್ ಮಾಡಿ, ನೀಲಿ ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಎಲ್ಲರಿಗಿಂತ ಮುಂದೆ ನಿಂತಳು. ಒಬ್ಬ ಹುಡುಗ ಬಂದು ಬಹಳ ವಿನಯದಿಂದ, "ಅಮ್ಮಾವ್ರೇ, ತಾವು ಸ್ವಲ್ಪ ಹಿಂದಿನ ಸಾಲಿಗೆ ಹೋಗ್ತೀರಾ? ಇದು ಹಳ್ಳಿ ದೃಶ್ಯ, ನೋಡೋರಿಗೆ ಗೊಂದಲ ಆಗುತ್ತೆ" ಎಂದ. ಅಮ್ಮ "ಓ, ಕ್ಷಮಿಸಿ ಕ್ಷಮಿಸಿ" ಎಂದು ನಗುತ್ತಾ ಹಿಂದೆ ಹೋದಳು. ಇಪ್ಪತ್ತೊಂದು ವರ್ಷದಿಂದ ಈ ಹಳ್ಳಿಯಲ್ಲೇ ಇದ್ದಾಳೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಏನಾದರೂ ಹೇಳಬೇಕಿತ್ತು. ಸೇತುವೆ ದಾಟಬೇಡ ಅಂದವಳು ನಾನೇ, ಯಾವ ಬಾಯಲ್ಲಿ ಹೇಳಲಿ?

ನಾನು ಅಲ್ಲಿ ಯಾಕಿದ್ದೆನೆಂದರೆ, ಕ್ಲೇರಿಗೆ ಓಡಲು ಬರುವುದಿಲ್ಲ. ಹಿಂದಿನಿಂದ, ಸೊಂಟದ ಕೆಳಗೆ, ದೂರದಿಂದ ಕಾಣುವ ಓಟವೆಲ್ಲ ನನ್ನದು. ಎರಡು ದಿನ ನನ್ನ ಕಾಲಿಗೆ ಬಿಳಿ ಬಣ್ಣ ಬಳಿದರು. ಬೆವರಿಗೆ ಇಳಿದುಹೋಗುತ್ತಿತ್ತು, ಮತ್ತೆ ಬಳಿಯುತ್ತಿದ್ದರು. ಬಳಿಯುತ್ತಿದ್ದ ಹೆಂಗಸು "ಎಷ್ಟು ಒಳ್ಳೇ ಚರ್ಮ ನಿಂದು" ಎಂದಳು. ಕ್ಲೇರ್ ಪಕ್ಕದಲ್ಲಿ ಕೂತು ನೋಡುತ್ತಿದ್ದಳು, ಪಾಪ, ಅವಳ ಮುಖ ಸಪ್ಪಗಾಗಿತ್ತು. "ನಾನು ಫ್ರಾನ್ಸ್ ನೋಡೇ ಇಲ್ಲ ಕಣೇ, ಎಲ್ಲ ಸಿನಿಮಾದಲ್ಲೂ ಅಲ್ಲಿಂದಾನೇ ಬರ್ತೀನಿ" ಎಂದಳು. ಇಬ್ಬರೂ ಒಂದೇ ಪೊಟ್ಟಣದಿಂದ ಬಿಸ್ಕತ್ತು ತಿಂದೆವು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಬಿಳಿ ಕಾಲು, ಪ್ಯಾರಿಸ್ಸಿನ ಅಮ್ಮ, ಏನಾದರೂ ಇರಲಿ. ಆ ಗೆರೆಯ ಮೇಲೆ ಒಬ್ಬಳು ಪಟ್ಟಿ ಹಿಡಿದು ನಿಂತುಕೊಂಡರೆ ಸಾಕಿತ್ತು. ನಿನ್ನೆ ಆ ದೃಶ್ಯ ತೆಗೆದರು. ತಲುಪಿಬಿಟ್ಟಳು ಚಿಹೊ. ಕಣ್ಣಲ್ಲಿ ನೀರು, ಸಂಗೀತ, ಪಟ್ಟಿ ಕೈಯಿಂದ ಕೈಗೆ ದಾಟಿತು. ಆ ಕೊನೆಯ ನಲವತ್ತು ಮೀಟರೂ ನನ್ನ ಕಾಲೇ ಓಡಿದ್ದು. ಏಳು ಸಲ ತಲುಪಿದೆ. ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿದರು.

ನೆಗಿಶಿಯನ್ನು ಹಿಡಿದು ಕೇಳಿದೆ. ಅವಳು ಅಳಲು ಶುರು ಮಾಡಿದಳು. "ಮೇಲಿನವರು ಒಪ್ಪಲಿಲ್ಲ. ಸೋತ್ರೆ ಶಾಲೆ ಮಕ್ಕಳು ಟಿಕೆಟ್ ತಗೊಳ್ಳಲ್ಲ ಅಂತಾರೆ. ಒಪ್ಪಂದದಲ್ಲೂ ಕಥೆ ಬದಲಾಯಿಸಬಹುದು ಅಂತಿದೆ, ನಿಮ್ಮಮ್ಮ ಸೀಲು ಹಾಕಿದ್ದಾರೆ" ಎಂದಳು. ಮೇಷ್ಟ್ರ ಹತ್ತಿರ ಹೋದೆ. ಅವರು ಗೆಡ್ಡೆ ಸಾರು ಊದುತ್ತಾ "ಏನ್ ಮಾಡೋಕಾಗುತ್ತಮ್ಮ, ಸಿನಿಮಾ ಅಲ್ವಾ" ಎಂದರು.

ನೆಗಿಶಿ ಇನ್ನೊಂದು ಮಾತೂ ಹೇಳಿದಳು. "ಐದನೆಯವರೇ ನಮ್ಮ ಹತ್ರ ಹೇಳಿದ್ರು, ಪಟ್ಟಿ ನನ್ನ ಕೈಗೆ ಬಂತು ಅಂತ. ಅದಾದ ಮೇಲೆ ಲೇಖನದಲ್ಲಿರೋದೇ ನಿಜ ಅಂತ ವಾದ ಮಾಡೋಕೆ ನನಗೆ ಆಗಲಿಲ್ಲ."

ನೀನು ಹಾಗೆ ಹೇಳಿದೆಯಾ?

ಅರ್ಲಿನ್


ಆಟಗಾರ್ತಿಯರ ವಸತಿಗೃಹ
ಫೆಬ್ರವರಿ 11, 2019

ಅರ್ಲಿನ್,

ಹೇಳಿದೆ.

ಈ ಒಂದು ಪದ ಬರೆಯಲು ಮೂರು ತಿಂಗಳು ಬೇಕಾಯಿತು. ಹರಿದುಹಾಕಿದ ಕಾಗದಗಳನ್ನು ಲೆಕ್ಕ ಇಟ್ಟಿಲ್ಲ.

ಆ ದಿನ ಗೆರೆಯ ಹತ್ತಿರ ನಾವು ಏಳು ಜನ ಉಳಿದಿದ್ದೆವು. ಅಧಿಕಾರಿ ನನ್ನ ಕೊರಳಿಗೆ ಬಿಳಿ ಪಟ್ಟಿ ಹಾಕಿದರು. ಸೀಟಿ ಊದುವ ಮುಂಚೆ ನಾನು ತಿರುಗಿ ನೋಡಿದೆ. ನೀನು ತಿರುವಿನಿಂದ ಬರುತ್ತಿದ್ದೆ. ಪಟ್ಟಿ ಬಿಚ್ಚಿ ಕೈಯಲ್ಲಿ ಚಾಚಿಕೊಂಡಿದ್ದೆ. ನಿನ್ನ ಬಾಯಿ ತೆರೆದಿತ್ತು, ನನ್ನ ಹೆಸರು ಕೂಗುತ್ತಿದ್ದೆಯೋ ಏನೋ. ನಿಲ್ಲುವ ಹಾಗಿರಲಿಲ್ಲ, ನಿಯಮ ನಿನಗೂ ಗೊತ್ತು. ಹೊರಟದ್ದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ.

ಯಾರಿಗೂ ಗೊತ್ತಿಲ್ಲದ್ದು ಬೇರೆ ಇದೆ. ಹೊರಟಾಗ ನನಗೆ ಹಗುರವಾಯಿತು. ಈ ಕಂಪನಿಯ ಕೋಚು ಆವತ್ತು ನನ್ನ ಸಮಯ ನೋಡಲು ಬಂದಿದ್ದರು. ನೀನು ಹೊತ್ತಿಗೆ ಸರಿಯಾಗಿ ಬಂದು ಪಟ್ಟಿ ಕೊಟ್ಟಿದ್ದರೆ ಐದು ಕಿಲೋಮೀಟರನ್ನೂ ಒಬ್ಬಳೇ ಗಾಳಿಗೆ ಎದೆಕೊಟ್ಟು ಓಡಬೇಕಿತ್ತು. ಏಳು ಜನರನ್ನು ಒಟ್ಟಿಗೆ ಬಿಟ್ಟದ್ದರಿಂದ ಅವರ ಬೆನ್ನ ಹಿಂದೆ ಓಡಿ, ಕೊನೆಯಲ್ಲಿ ದಾಟಿ, ನನ್ನ ಜೀವಮಾನದಲ್ಲೇ ಒಳ್ಳೆಯ ಸಮಯ ಮಾಡಿದೆ. ಆ ಸಮಯಕ್ಕೇ ಈ ಕೆಲಸ ಸಿಕ್ಕಿತು. ನೀನು ತಲುಪದ್ದರಿಂದ ನಾನು ಇಲ್ಲಿಗೆ ತಲುಪಿದೆ. ತರಗತಿಯಲ್ಲಿ ನಿನ್ನ ಮುಖ ಹೇಗೆ ನೋಡಲಿ? ನೀನು ಸಿಟ್ಟಾಗಿದ್ದೀಯ ಅಂದುಕೊಂಡಿದ್ದೆ, ಅದೇ ನೆಪವಾಯಿತು.

ಆ ಬರಹಗಾರ "ಪಟ್ಟಿ ಕೈಗೆ ಬರದೇ ಇದ್ದಾಗ ಹೇಗನ್ನಿಸಿತು?" ಎಂದು ಕೇಳಿದ. ಕೋಚು ಪಕ್ಕದಲ್ಲೇ ಕೂತಿದ್ದರು, ಆವತ್ತು ಅವರು ನೋಡಿದ್ದು ಗಡಿಯಾರವನ್ನು, ಪಟ್ಟಿಯನ್ನಲ್ಲ. "ಬಂತು" ಎಂದೆ. ಬಾಯಿ ತಾನಾಗಿಯೇ ಹೇಳಿತು. "ಲೇಖನದಲ್ಲಿ ಹಾಗಿಲ್ಲವಲ್ಲ?" ಎಂದ. "ಮೇಷ್ಟ್ರು ದೂರದಲ್ಲಿದ್ರು, ಅವರಿಗೆ ಕಾಣಿಸಿಲ್ಲ" ಎಂದೆ. ಅವನ ಮುಖ ಎಷ್ಟು ಅರಳಿತೆಂದರೆ, ಒಂದು ಕ್ಷಣ ನನಗೂ ಅದೇ ನಿಜವೆನ್ನಿಸಿತು. ಬಿಳಿ ಪಟ್ಟಿ ಇಲ್ಲದ ಚಿಹೊ ಒಬ್ಬಳನ್ನು ಎಲ್ಲಾದರೂ ಇಟ್ಟುಬಿಡಬೇಕೆನ್ನಿಸಿತು.

ಮರುದಿನವೇ ನೆಗಿಶಿಗೆ ಬರೆದೆ, ನಾನು ಹೇಳಿದ್ದು ಸುಳ್ಳು ಎಂದು. ಉತ್ತರ ಬರಲಿಲ್ಲ. ಅವರಿಗೆ ಬೇಕಾದ್ದು ಅಷ್ಟು ಹೊತ್ತಿಗೆ ಸಿಕ್ಕಾಗಿತ್ತು. ಅದು ನಿನ್ನ ಅಮ್ಮನಿಗೆ ಮುಟ್ಟಬೇಕಾದ ಮಾತು ಎಂದು ನೀನು ಬರೆದಿದ್ದೆ, ನಾನು ಓದಿದ್ದೆ, ಆದರೂ ಹೇಳಿದೆ.

ಕಾಲಿನ ಮೂಳೆ ಬಿರುಕು ಬಿಟ್ಟಿದೆ. ಎಲ್ಲರೂ ಓಡಲು ಹೋದಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತೇನೆ.

ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಚಿಹೊ


ಒನಿಗಾವಾ
ಸೆಪ್ಟೆಂಬರ್ 24, 2019

ಚಿಹೊ,

ಏಳು ತಿಂಗಳು ಬರೆಯಲಿಲ್ಲ. ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದು ದಿನ ನಿನ್ನ ಅಮ್ಮನ ಅಂಗಡಿಯ ಮುಂದೆ ಹಾದುಹೋಗುತ್ತಾ ತಲೆ ಬೇರೆ ಕಡೆ ತಿರುಗಿಸಿದೆ. ಅವರು ಒಳಗಿಂದ "ಅರ್ಲಿನ್, ಬಿಸಿ ಇದೆ ಬಾರೇ" ಎಂದು ಕೂಗಿದರು. ಸೈಕಲ್ಲು ನಿಲ್ಲಿಸಲಿಲ್ಲ.

ಭಾನುವಾರ ಶಾಲೆಯ ಜಿಮ್ನಾಸಿಯಮ್ಮಿನಲ್ಲಿ ಊರವರಿಗೆಂದು ಸಿನಿಮಾ ತೋರಿಸಿದರು. ಬಾಗಿಲಲ್ಲಿ ಕ್ಲೇರಳ ದೊಡ್ಡ ಚಿತ್ರ, ಕೆಳಗೆ "ಯಾರನ್ನೂ ಹಿಂದೆ ಬಿಡದ ಕಥೆ" ಎಂದು ಬರೆದಿತ್ತು. ಅಮ್ಮ ಅದೇ ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ನಾವು ನಾಲ್ಕನೆಯ ಸಾಲಿನಲ್ಲಿ ಕೂತೆವು. ಸಿನಿಮಾ ಹೇಗೆ ಮುಗಿಯುತ್ತದೆಂದು ನಾನು ಅವಳಿಗೆ ಹೇಳಿರಲಿಲ್ಲ. ಚಿತ್ರೀಕರಣದಲ್ಲಿ ಹಿಂದಿನ ಸಾಲಿನಿಂದ ಅವಳಿಗೆ ಏನೂ ಕಾಣಿಸಿರಲಿಲ್ಲ.

ಕ್ಲೇರ್ ತಲುಪಿದಾಗ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅತ್ತರು. ಅಮ್ಮ ಚಪ್ಪಾಳೆ ತಟ್ಟಲಿಲ್ಲ. ದೀಪ ಹಾಕಿದ ಮೇಲೂ ಪರದೆಯನ್ನೇ ನೋಡುತ್ತಿದ್ದಳು. ಇನ್ನೂ ಏನೋ ಬರುವುದಿದೆ ಎಂಬಂತೆ.

"ಅಮ್ಮ, ಮುಗೀತು" ಎಂದೆ.

"ಆ ಹುಡುಗಿ ಎಲ್ಲಿ?" ಎಂದಳು.

"ಯಾವ ಹುಡುಗಿ?"

"ಗೆರೆ ಮೇಲೆ ನಿಂತಿದ್ದೋಳು. ಪಟ್ಟಿ ಕೈಯಲ್ಲೇ ಇತ್ತಲ್ಲ. ಅವಳು ಬರಲೇ ಇಲ್ಲ."

ಜನ ಕುರ್ಚಿಗಳನ್ನು ಮಡಿಸುತ್ತಿದ್ದರು, ನಾವಿಬ್ಬರೂ ಕೂತೇ ಇದ್ದೆವು. ಅಮ್ಮ ಎಂದಿನ ದನಿಯಲ್ಲಿ, ಸಂತೆಯ ಸುದ್ದಿ ಹೇಳಿದಂತೆ ಹೇಳಿದಳು. ಆ ದಿನ ನಾನು ಸೇತುವೆ ದಾಟಿ ಹೋದ ಮೇಲೆ ಅವಳು ಕಾರ್ಖಾನೆಗೆ ಹೋಗಲಿಲ್ಲವಂತೆ. ಗದ್ದೆಯ ಬದುವಿನ ಮೇಲೆ ಅಡ್ಡದಾರಿಯಲ್ಲಿ ಓಡಿ ಗೆರೆಯ ಹತ್ತಿರ ಬಂದಿದ್ದಳಂತೆ, ಕಾರ್ಖಾನೆಯ ಬಿಳಿ ಟೊಪ್ಪಿಗೆ, ರಬ್ಬರ್ ಬೂಟು, ಮೈಯೆಲ್ಲ ಮೂಲಂಗಿ ವಾಸನೆ. ನಾನು ನಿಂತದ್ದನ್ನು ನೋಡಿದಳಂತೆ.

"ಹಗ್ಗ ಕಟ್ಟಿದ್ರು. ದಾಟಿ ಬರ್ಬೋದಿತ್ತು" ಎಂದಳು. "ಆ ವೇಷದಲ್ಲಿ ಬಂದ್ರೆ ನಿನಗೆ ನಾಚಿಕೆ ಆಗುತ್ತೆ ಅಂತ ಮರದ ಹಿಂದೆ ನಿಂತೆ. ಆಮೇಲೆ ಮನೆಗೆ ಬಂದು ಅಡುಗೆ ಮಾಡ್ದೆ. ಸೋತು ಬರೋರಿಗೂ ಹಬ್ಬದ ಊಟ ಹಾಕ್ಬೇಕು ಅನ್ನಿಸ್ತು. ನೀನು ಕೊಟ್ಟೆ ಅಂದೆ. ಸರಿ ಅಂದ್ಕೊಂಡೆ."

"ಮತ್ತೆ ಯಾಕಮ್ಮ ಸೀಲು ಹಾಕ್ದೆ?"

"ನೆಗಿಶಿ ಓದಿದ್ಲಲ್ಲ, ಹುಡುಗಿ ಒಬ್ಬಳೇ ನಿಂತಿರ್ತಾಳೆ ಅಂತ. ಎರಡು ಸಲ ಓದಿಸ್ದೆ. ಸಿನಿಮಾದಲ್ಲಿ ಅವಳು ಬಂದಾಗ ನಿನ್ನ ಕೈ ಹಿಡ್ಕೋಬೇಕು ಅಂದ್ಕೊಂಡಿದ್ದೆ. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ, ಅನಾಕ್."

ಅನಾಕ್ ಅಂದರೆ ಅವಳ ಭಾಷೆಯಲ್ಲಿ ಮಗು. ನಾನು ಹೈಸ್ಕೂಲಿಗೆ ಸೇರಿದ ಮೇಲೆ ಹಾಗೆ ಕರೆಯಬೇಡ ಎಂದಿದ್ದೆ.

ನನ್ನದೂ ಅದೇ ಆಸೆಯಾಗಿತ್ತು ಎಂದು ನಾನು ಹೇಳಲಿಲ್ಲ ಚಿಹೊ. ಎದ್ದು ಅವಳ ಕುರ್ಚಿಯನ್ನೂ ನನ್ನದನ್ನೂ ಮಡಿಸಿದೆ. ನಾವಿಬ್ಬರೂ ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ದೃಶ್ಯಕ್ಕಾಗಿ ಕಾಯುತ್ತಿದ್ದೆವು. ಆ ದೃಶ್ಯ ಈಗ ಎಲ್ಲೂ ಇಲ್ಲ. ಮುಂದಿನ ವಾರದಿಂದ ಊರೂರಿನ ಮಕ್ಕಳು ನೋಡುವುದು ತಲುಪಿದವಳನ್ನು. ನನ್ನಂಥ ಇನ್ನೊಬ್ಬಳು ಎಲ್ಲೋ ಕತ್ತಲಲ್ಲಿ ಕೂತು ನೋಡುತ್ತಾಳೆ, ಪಕ್ಕದವಳು ತಿವಿದರೆ ನಗುತ್ತಾಳೆ. ನನ್ನ ಕೈಯಲ್ಲಿ ಏನೂ ಇಲ್ಲ. ಸೋಮವಾರ ಅಮ್ಮ ಕಾರ್ಖಾನೆಗೆ ಹೋದಳು, ನಾನು ಅಂಗಡಿಗೆ ಹೋದೆ.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ಅಮ್ಮನಿಗೆ "ಕೊಟ್ಟೆ" ಅಂದವಳು ನಾನು, ಅವರಿಗೆ "ಬಂತು" ಅಂದವಳು ನೀನು. ಇಬ್ಬರೂ ಸೇರಿ ಬರೆದ ಸಿನಿಮಾ ಅದು.

ಈ ಕಾಗದದ ಜೊತೆ ಪಾರ್ಸೆಲ್ಲಿನಲ್ಲಿ ಪಟ್ಟಿ ಇಟ್ಟಿದ್ದೇನೆ. ತೊಳೆದಿಲ್ಲ. ಬಿಳಿ ಪಟ್ಟಿಯಲ್ಲಿ ಓಡಿದರೂ ಕೊನೆಯವಳು ನೀನೇ, ತೊಳೆಯಬೇಕಾದವಳೂ ನೀನೇ. ಈ ಸಲ ತಗೋ.

ಅರ್ಲಿನ್


ಆಟಗಾರ್ತಿಯರ ವಸತಿಗೃಹ
ಸೆಪ್ಟೆಂಬರ್ 24, 2019

ಅರ್ಲಿನ್,

ನಾಳೆ ಬೆಳಗ್ಗೆ ಇಲ್ಲಿಂದ ಹೊರಡುತ್ತಿದ್ದೇನೆ. ಎರಡನೆಯ ಸಲವೂ ಅದೇ ಮೂಳೆ ಬಿರಿಯಿತು. "ತವರಿಗೆ ಹೋಗಿ ವಿಶ್ರಾಂತಿ ತಗೋ" ಎಂದರು ಕೋಚು. ಅಂದರೆ ಮತ್ತೆ ಬರಬೇಡ ಎಂದರ್ಥ. ಊರಿಗೆ ಹೋಗುವ ಮುಖವಿಲ್ಲ, ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಒಸಾಕಾದಲ್ಲಿ ಒಂದು ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸವಿದೆಯೆಂದು ಇಲ್ಲಿದ್ದ ಹಳೆಯ ಆಟಗಾರ್ತಿ ಹೇಳಿದ್ದಾಳೆ, ನೋಡಬೇಕು. ವಿಳಾಸ ಇನ್ನೂ ಗೊತ್ತಿಲ್ಲ. ಫೋನು ವಾಪಸ್ ಕೊಟ್ಟರು, ಅದರಲ್ಲಿದ್ದ ನಂಬರು ಸತ್ತುಹೋಗಿದೆ.

ಸಿನಿಮಾದ ಚಿತ್ರ ಇಲ್ಲಿಯ ಸ್ಟೇಷನ್ನಿನಲ್ಲೂ ಅಂಟಿಸಿದ್ದಾರೆ. ಅದರಲ್ಲಿ ಓಡುತ್ತಿರುವ ಕಾಲು ನಿನ್ನದು. ಯಾವ ಬಣ್ಣ ಬಳಿದರೇನು, ಬಲ ಪಾದ ಹೊರಗೆ ತಿರುಗುವುದು ನಿನ್ನದೊಂದೇ. ರೈಲು ಬರುವವರೆಗೆ ಅದರ ಮುಂದೆಯೇ ನಿಂತಿರುತ್ತೇನೆ.

ಇಲ್ಲಿಗೆ ಬರೆಯಬೇಡ, ತಲುಪುವುದಿಲ್ಲ.

ಚಿಹೊ


ಒನಿಗಾವಾ
ಅಕ್ಟೋಬರ್ 6, 2019

ಚಿಹೊ,

ಈ ಕಾಗದವನ್ನು ತೋಫು ಅಂಗಡಿಯಲ್ಲಿ ಕೊಡುತ್ತಿದ್ದೇನೆ. ಎಂದಾದರೂ ಬಂದರೆ ನಿನ್ನ ಅಮ್ಮ ಕೊಡುತ್ತಾರೆ. ಅವರಿಗೆ ವಿಷಯ ಗೊತ್ತಾಗಿದೆ, ವಸತಿಗೃಹದವರೇ ಫೋನ್ ಮಾಡಿದ್ದರಂತೆ. ಬೈದುಕೊಳ್ಳುತ್ತಾ ದಿನಕ್ಕೊಂದು ತುಂಡು ತೋಫು ನಿನಗೆಂದು ಬೇರೆ ಎತ್ತಿಡುತ್ತಾರೆ, ಸಂಜೆ ನನಗೆ ಕೊಡುತ್ತಾರೆ.

ನಿನ್ನೆ ಬೆಳಗ್ಗೆ ಅಂಚೆಯವನು ಪಾರ್ಸೆಲ್ ವಾಪಸ್ ತಂದ. ಮೇಲೆ ಕೆಂಪು ಚೀಟಿ, "ಈ ವಿಳಾಸದಲ್ಲಿ ಇಲ್ಲ". ನೀನು ಇಪ್ಪತ್ತೈದಕ್ಕೆ ಹೊರಟೆಯಲ್ಲ, ಅದು ಇಪ್ಪತ್ತಾರಕ್ಕೆ ಅಲ್ಲಿ ಮುಟ್ಟಿದೆ. ಒಂದು ದಿನ. ಆಗ ಹನ್ನೆರಡು ಸೆಕೆಂಡು, ಈಗ ಒಂದು ದಿನ. ನನ್ನ ವೇಗ ಇನ್ನೂ ಕುಗ್ಗಿದೆ.

ಬಾಗಿಲಲ್ಲಿ ಅಮ್ಮ ಸಹಿಗೆಂದು ಸೀಲು ಒತ್ತಿ ತಗೊಂಡಳು. ಪೊಟ್ಟಣವನ್ನು ಮೂಸಿ ನೋಡಿದಳು, ಒಳಗೆ ಏನಿದೆಯೆಂದು ಕೇಳಲಿಲ್ಲ. ಡ್ರಾಯರಿನಲ್ಲಿ ಇದ್ದದ್ದು ಅವಳಿಗೆ ಮೊದಲೇ ಗೊತ್ತಿತ್ತೇನೋ.

"ಈ ಸಲಾನೂ ಹೊರಟುಹೋಗಿದ್ಲಾ?" ಎಂದಳು.

ಹೂಂ ಎಂದೆ. ಆಮೇಲೆ ಚಪ್ಪಲಿ ಬಿಡುವ ಜಾಗದಲ್ಲೇ ಕೂತು ಅತ್ತುಬಿಟ್ಟೆ. ಅಮ್ಮ ಕೆಲಸಕ್ಕೆ ಹೊರಟಿದ್ದಳು, ಬಿಳಿ ಟೊಪ್ಪಿಗೆ, ರಬ್ಬರ್ ಬೂಟು. ಬೂಟು ಬಿಚ್ಚದೆ ನನ್ನ ಪಕ್ಕ ಬಂದು ಕೂತಳು. ಕಾರ್ಖಾನೆಯ ವ್ಯಾನು ಹೊರಗೆ ಎರಡು ಸಲ ಹಾರ್ನ್ ಮಾಡಿ ಹೊರಟುಹೋಯಿತು.

ಅರ್ಲಿನ್